ತಮಾಷೆಗೆ ಅಂದಿದ್ದು ಅಂದರೆ ದೂರು ಮುಗಿಯಿತಾ?

ಈ ಸಲ ಬಂದ ಪತ್ರಗಳಲ್ಲಿ ಕ್ರೀಡಾ ತಂಡಗಳ ಡ್ರೆಸ್ಸಿಂಗ್ ರೂಮಿನ ಒಳಗಿನ ನೋವುಗಳದ್ದೇ ಜಾಸ್ತಿ. ಬಣ್ಣ, ಜನಾಂಗ ಹಿಡಿದು ಹೀಯಾಳಿಸುವುದು, ಒಬ್ಬರನ್ನೇ ಗುರಿ ಮಾಡಿ ಕಾಡುವುದು, ದೂರು ಕೊಟ್ಟರೂ ಏನೂ ಆಗದಿರುವುದು. ಐದು ಪತ್ರ ಆರಿಸಿಕೊಂಡಿದ್ದೇನೆ. ಹೆಸರು, ಊರು ತೆಗೆದುಹಾಕಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡುತ್ತಾನೆ. ಮೈಬಣ್ಣ ಹಿಡಿದು ಅವನಿಗೊಂದು ಅಡ್ಡಹೆಸರು ಇಟ್ಟಿದ್ದಾರೆ, ಪಾಸ್ ಕೇಳುವಾಗಲೂ ಅದನ್ನೇ ಕೂಗುತ್ತಾರೆ. ಕೋಚ್‌ಗೆ ಹೇಳಿದರೆ ‘ಹುಡುಗರ ತಮಾಷೆ, ಅವನೇ ನಗುತ್ತಾನಲ್ಲ’ ಅಂದರು. ನಗುತ್ತಾನೆ, ನಿಜ. ಆದರೆ ಈಗೀಗ ಪ್ರಾಕ್ಟೀಸ್ ಇರುವ ದಿನ ಹೊಟ್ಟೆನೋವು ಅನ್ನುತ್ತಾನೆ. ನಾನೇ ಇದನ್ನು ದೊಡ್ಡದು ಮಾಡುತ್ತಿದ್ದೇನಾ?

ಉತ್ತರ: ಇಲ್ಲಮ್ಮಾ. ಆ ಹೊಟ್ಟೆನೋವನ್ನು ನೀವು ಸರಿಯಾಗಿಯೇ ಗಮನಿಸಿದ್ದೀರಿ. ತಂಡದಲ್ಲಿ ಉಳಿಯಬೇಕು ಅನ್ನುವ ಹುಡುಗ ನಗದೆ ಇನ್ನೇನು ಮಾಡಿಯಾನು? ನಗದಿದ್ದರೆ ‘ಇವನಿಗೆ ತಮಾಷೆ ಗೊತ್ತಾಗಲ್ಲ’ ಅಂತ ಇನ್ನೊಂದು ಹಣೆಪಟ್ಟಿ ಬೀಳುತ್ತದೆ.

ಇದು ಮಕ್ಕಳ ಮಾತಷ್ಟೇ ಅಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ (ನಿಮ್ಮ ಮಗ ಆಡುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಆಟ) ಮಯಾಮಿ ಡಾಲ್ಫಿನ್ಸ್ ಅಂತ ಒಂದು ತಂಡ. 2013ರ ಅಕ್ಟೋಬರ್‌ನಲ್ಲಿ ಜೊನಾಥನ್ ಮಾರ್ಟಿನ್ ಅನ್ನುವ ಆಟಗಾರ ತಂಡ ಬಿಟ್ಟು ಹೊರಗೆ ನಡೆದ. ಆಳು ಬೆಟ್ಟದಂತಿದ್ದ, ಎದುರಾಳಿಗಳನ್ನು ಮೈಯಿಂದಲೇ ತಡೆಯುವುದು ಅವನ ಕೆಲಸ. ಅಂಥವನನ್ನು ಸಹ ಆಟಗಾರರು ಜನಾಂಗ ಹಿಡಿದು, ತಾಯಿ ಮತ್ತು ಸಹೋದರಿಯ ಹೆಸರೆತ್ತಿ ಕಾಡಿದ್ದರು. ವಿಷಯ ಹೊರಬಂದಾಗ ಮುಖ್ಯ ಆರೋಪಿ ರಿಚಿ ಇನ್‌ಕಾಗ್ನಿಟೋ ಕಡೆಯವರು ಕೇಳಿದ್ದೂ ಇದನ್ನೇ: ಇಬ್ಬರೂ ಸ್ನೇಹಿತರಾಗಿದ್ದರಲ್ಲ, ಮಾರ್ಟಿನ್ ಕೂಡ ಸಲಿಗೆಯ ಮೆಸೇಜ್ ಕಳಿಸಿದ್ದಾನಲ್ಲ? ಪಂದ್ಯಾವಳಿ ನಡೆಸುವ ಲೀಗ್ ನೇಮಿಸಿದ ವಕೀಲ ಟೆಡ್ ವೆಲ್ಸ್ 2014ರ ಫೆಬ್ರವರಿಯಲ್ಲಿ 144 ಪುಟಗಳ ವರದಿ ಕೊಟ್ಟರು. ಕಾಟ ಕಡಿಮೆಯಾದೀತು ಅಂತ ಕಾಡುವವರ ಜೊತೆಗೇ ಸ್ನೇಹ ಬೆಳೆಸಲು ಮಾರ್ಟಿನ್ ನೋಡಿದ್ದ, ಹಿಂಸೆ ಅನುಭವಿಸುವವರು ಹಾಗೆ ಮಾಡುವುದುಂಟು ಅನ್ನುವುದು ಅದರ ತಿರುಳು. ಒಬ್ಬನಲ್ಲ, ಮೂವರು ಆಟಗಾರರು ಸೇರಿ ಅವನನ್ನೂ ಇನ್ನೊಬ್ಬ ಕಿರಿಯ ಆಟಗಾರನನ್ನೂ ಏಷ್ಯಾ ಮೂಲದ ಸಹಾಯಕ ಟ್ರೈನರ್‌ನನ್ನೂ ಕಾಡಿದ್ದರು ಅಂತ ವರದಿ ಹೇಳಿತು.

ಆ ತಂಡದಲ್ಲಿ ಒಂದು ದಂಡದ ಪುಸ್ತಕ ಇತ್ತು. ತಡವಾಗಿ ಬಂದವರಿಗೆ ಇಷ್ಟು, ಇನ್ನೊಂದಕ್ಕೆ ಇಷ್ಟು ಅಂತ ಆಟಗಾರರೇ ಹಾಕಿಕೊಳ್ಳುತ್ತಿದ್ದ ದಂಡ. ಅದರಲ್ಲಿ ಇನ್‌ಕಾಗ್ನಿಟೋ ತನಗೆ ತಾನೇ 200 ಡಾಲರ್ ದಂಡ ಬರೆದುಕೊಂಡಿದ್ದ, ಕಾರಣ ಅಂತ ಕಾಣಿಸಿದ್ದು ಮಾರ್ಟಿನ್‌ನನ್ನು ಮುರಿದು ಹಾಕಿದ್ದು. ಒಳಗಿನ ವಿಷಯ ಹೊರಗೆ ಹೇಳಿದವರಿಗೂ ಅಲ್ಲಿ ದಂಡ ಇತ್ತು. ‘ನಮ್ಮ ನಮ್ಮಲ್ಲೇ ಇರಲಿ’ ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ಈಗ ನೀವು ಮಾಡಬೇಕಾದ್ದು. ಮೊದಲು ಮಗನ ಜೊತೆ ಮಾತಾಡಿ, ಅವನಿಗೆ ಗೊತ್ತಿಲ್ಲದೆ ದೂರು ಕೊಡಬೇಡಿ. ಅವನ ಹೆದರಿಕೆ ಏನು ಅಂತ ಕೇಳಿ. ಬೆಂಚಿನ ಮೇಲೆ ಕೂರಿಸುತ್ತಾರೆ ಅನ್ನುವುದೇ ಹೆಚ್ಚಿನ ಮಕ್ಕಳ ಹೆದರಿಕೆ. ಯಾವ ದಿನ, ಯಾರು, ಏನು ಅಂದರು, ಹತ್ತಿರ ಯಾರಿದ್ದರು ಇಷ್ಟನ್ನು ಬರೆದಿಡಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅಳಿಸಿಬಿಡುತ್ತಾರೆ. ದೂರು ಬರವಣಿಗೆಯಲ್ಲೇ ಇರಲಿ, ಅದರಲ್ಲಿ ಕೋಚ್‌ಗೆ ಹೇಳಿದ ದಿನ ಮತ್ತು ಅವರು ಕೊಟ್ಟ ಉತ್ತರವೂ ಇರಲಿ. ಕೋಚ್ ಒಮ್ಮೆ ಕೈಚೆಲ್ಲಿದ್ದಾರೆ, ಹಾಗಾಗಿ ಅವರನ್ನು ದಾಟಿ ಕ್ಲಬ್ಬಿನ ಕಾರ್ಯದರ್ಶಿಗೆ, ಮಕ್ಕಳ ಸುರಕ್ಷತೆ ನೋಡಿಕೊಳ್ಳುವವರು ಅಂತ ಯಾರಾದರೂ ಇದ್ದರೆ ಅವರಿಗೂ ಕೊಡಿ. ಅಲ್ಲೂ ಸುಮ್ನೆ ಕೂತರೆ ಕ್ಲಬ್ ಯಾವ ಸಂಸ್ಥೆಯ ಸದಸ್ಯತ್ವ ಪಡೆದಿದೆಯೋ ಅಲ್ಲಿಗೆ ಹೋಗಿ. ಮಗನಿಗಿನ್ನೂ 18 ಆಗಿಲ್ಲ. ‘ಹುಡುಗರು ಹುಡುಗರು ನೋಡಿಕೊಳ್ಳಲಿ’ ಅಂತ ಕೈತೊಳೆದುಕೊಳ್ಳುವ ಹಕ್ಕು ಯಾವ ಕ್ಲಬ್ಬಿಗೂ ಇಲ್ಲ.

ಪ್ರಶ್ನೆ: ನಾನು ಒಂದು ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿ. ಒಬ್ಬ ಆಟಗಾರ ಕ್ಯಾಪ್ಟನ್ ಮೇಲೆ ಜನಾಂಗೀಯ ನಿಂದನೆಯ ದೂರು ಕೊಟ್ಟಿದ್ದಾನೆ. ಇಬ್ಬರನ್ನೂ ಕೂರಿಸಿ ಕೈ ಕುಲುಕಿಸಿ ಮುಗಿಸೋಣ, ಹೊರಗೆ ಗೊತ್ತಾದರೆ ಕ್ಲಬ್ಬಿನ ಮಾನ ಹೋಗುತ್ತದೆ ಅಂತ ಸಮಿತಿಯವರ ಅಭಿಪ್ರಾಯ. ನಿಮ್ಮ ಸಲಹೆ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ ಸಾರ್. ತಂಡ ಆರಿಸುವ ಅಧಿಕಾರ ಕ್ಯಾಪ್ಟನ್ ಕೈಯಲ್ಲಿದೆ. ಆ ಹುಡುಗ ಕೈ ಕುಲುಕುವುದಿಲ್ಲ ಅನ್ನಲು ಸಾಧ್ಯವಾ? ಅದು ರಾಜಿ ಅಲ್ಲ, ಬಾಯಿ ಮುಚ್ಚಿಸುವುದು.

ಮಾನದ ಮಾತು ಬಂದಿದ್ದರಿಂದ ಇಂಗ್ಲೆಂಡಿನ ಯಾರ್ಕ್‌ಶೈರ್ ಕ್ರಿಕೆಟ್ ಕ್ಲಬ್ಬಿನ ಕಥೆ ಹೇಳಲೇಬೇಕು. 2020ರಲ್ಲಿ ಅಲ್ಲಿನ ಮಾಜಿ ಆಟಗಾರ ಅಜೀಂ ರಫೀಕ್ ತನಗಾದ ಜನಾಂಗೀಯ ನಿಂದನೆಯನ್ನು ಬಹಿರಂಗವಾಗಿ ಹೇಳಿದರು. ಕ್ಲಬ್ ಒಂದು ಕಾನೂನು ಸಂಸ್ಥೆಗೆ ತನಿಖೆ ವಹಿಸಿತು. ಕ್ಲಬ್ ಅಧ್ಯಕ್ಷರು ಹಿಂದೆ ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ತನಿಖೆ ಪ್ರಾಮಾಣಿಕವಾಗಿಯೇ ನಡೆದಿದ್ದರೂ ದೂರು ಕೊಟ್ಟವನು ಅದನ್ನು ಹೇಗೆ ನಂಬಬೇಕು? ವರದಿ ಹೊರಬರಲು ವರ್ಷವೇ ಹಿಡಿಯಿತು. 43 ಆರೋಪಗಳಲ್ಲಿ 7 ನಿಜ, ರಫೀಕ್ ಜನಾಂಗೀಯ ಕಿರುಕುಳಕ್ಕೆ ಒಳಗಾಗಿದ್ದು ನಿಜ ಅಂತ ಒಪ್ಪಿಕೊಂಡ ಮೇಲೂ 2021ರ ಅಕ್ಟೋಬರ್‌ನಲ್ಲಿ ಕ್ಲಬ್ ಹೇಳಿದ್ದು, ಯಾರ ಮೇಲೂ ಶಿಸ್ತುಕ್ರಮ ಇಲ್ಲ ಅಂತ. ಪಾಕಿಸ್ತಾನ ಮೂಲದವರನ್ನು ಬೈಯಲು ಬಳಸುವ ಪದವನ್ನೇ ವರದಿ ಸ್ನೇಹದ ತಮಾಷೆ ಅಂತ ಬಗೆದಿತ್ತು ಅನ್ನುವುದು ಪತ್ರಿಕೆಗಳಲ್ಲಿ ಬಂದಾಗ ಜನ ಸಿಡಿದೆದ್ದರು. ಪ್ರಾಯೋಜಕರು ಒಬ್ಬೊಬ್ಬರಾಗಿ ಬಿಟ್ಟುಹೋದರು, ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಅಂತಾರಾಷ್ಟ್ರೀಯ ಪಂದ್ಯ ನಡೆಸುವ ಅವಕಾಶವನ್ನು ಕ್ರಿಕೆಟ್ ಮಂಡಳಿ ಅಮಾನತಿನಲ್ಲಿಟ್ಟಿತು. ರಫೀಕ್ ಸಂಸತ್ತಿನ ಸಮಿತಿ ಮುಂದೆ ಕೂತು ಎಲ್ಲವನ್ನೂ ಹೇಳಿದ್ದನ್ನು ದೇಶವೇ ನೋಡಿತು. ಕೊನೆಗೆ 2023ರ ಜುಲೈನಲ್ಲಿ ಅಲ್ಲಿನ ದೇಶೀಯ ಟೂರ್ನಿಯಾದ ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ 48 ಅಂಕ ಕಡಿತ, 4 ಲಕ್ಷ ಪೌಂಡ್ ದಂಡ. ಅದರಲ್ಲಿ 3 ಲಕ್ಷ ಅಮಾನತಿನಲ್ಲಿ, ಅಂದರೆ ಆಗಲೇ ಕಟ್ಟಬೇಕಿರಲಿಲ್ಲ. ಮೊದಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಇಷ್ಟಾಗುತ್ತಿರಲಿಲ್ಲ ಅಲ್ವಾ?

ಇದೇ ಕಥೆಯ ಇನ್ನೊಂದು ಭಾಗ ಹೆಚ್ಚಿನವರಿಗೆ ನೆನಪಿಲ್ಲ. ಹೊಸ ಆಡಳಿತ 2021ರ ಡಿಸೆಂಬರ್‌ನಲ್ಲಿ ಮುಖ್ಯ ಕೋಚ್ ಸೇರಿ 16 ಮಂದಿಯನ್ನು ಒಂದೇ ಏಟಿಗೆ ಕಳಿಸಿತು. ಅವರಲ್ಲಿ ಕೆಲವರು ನ್ಯಾಯಮಂಡಳಿಗೆ ಹೋದರು. ವಜಾ ಮಾಡಿದ ರೀತಿ ಸರಿಯಿಲ್ಲ ಅಂತ ತೀರ್ಮಾನವಾಯಿತು. ಮುಚ್ಚಿಹಾಕುವುದು ಎಷ್ಟು ತಪ್ಪೋ ಗಾಬರಿಯಲ್ಲಿ ಕತ್ತಿ ಬೀಸುವುದೂ ಅಷ್ಟೇ ತಪ್ಪು.

ನಿಮ್ಮದು ಸಣ್ಣ ಕ್ಲಬ್ ಇರಬಹುದು, ವಕೀಲರಿಗೆ ಕೊಡಲು ದುಡ್ಡಿಲ್ಲದೆ ಇರಬಹುದು. ಬೇರೆ ಕ್ಲಬ್ಬಿನ ಹಿರಿಯರೊಬ್ಬರು, ನಿಮ್ಮ ಯಾರ ಜೊತೆಯೂ ಹಂಗಿಲ್ಲದವರು, ಸಿಕ್ಕರೆ ಸಾಕು. ದೂರು ಕೊಟ್ಟವನ ಜನಾಂಗದವರು ಒಬ್ಬರಾದರೂ ವಿಚಾರಣೆಯಲ್ಲಿ ಇರಲಿ. ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಲಿ. ಇಂಥ ದಿನದೊಳಗೆ ಮುಗಿಸುತ್ತೇವೆ ಅಂತ ಮೊದಲೇ ಹೇಳಿ, ತಡವಾದರೆ ಯಾಕೆ ಅಂತ ನೀವಾಗಿಯೇ ತಿಳಿಸಿ. ಹಳೆಯ ಇಮೇಲ್, ಮೆಸೇಜ್ ಒಂದನ್ನೂ ಅಳಿಸಬೇಡಿ. ದಾಖಲೆ ನಾಶವಾದದ್ದೂ ಯಾರ್ಕ್‌ಶೈರ್ ಒಪ್ಪಿಕೊಳ್ಳಬೇಕಾದ ತಪ್ಪುಗಳಲ್ಲಿ ಒಂದಾಗಿತ್ತು. ವಿಚಾರಣೆ ಮುಗಿಯುವ ತನಕ ತಂಡದ ಆಯ್ಕೆಯಿಂದ ಕ್ಯಾಪ್ಟನ್ ದೂರ ಇರಲಿ. ‘ನಿನ್ನ ಒಳ್ಳೆಯದಕ್ಕೇ’ ಅಂತ ದೂರು ಕೊಟ್ಟವನನ್ನು ಹೊರಗೆ ಕೂರಿಸಿದರೆ ಶಿಕ್ಷೆ ಅವನಿಗೇ ಆಯಿತು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಪ್ರಶ್ನೆ: ತಂಡದವರ ಹೆಸರು ಹೇಳಲು ಕಷ್ಟವಾದರೆ ಸುಲಭದ ಹೆಸರಿನಿಂದ ಕರೆಯುವುದೂ ಜನಾಂಗೀಯತೆಯಾ? ಇದು ಅತಿಯಾಯಿತು.

ಉತ್ತರ: ಯಾರ್ಕ್‌ಶೈರ್‌ನಲ್ಲಿ ಚೇತೇಶ್ವರ ಪೂಜಾರ ಅವರನ್ನು ‘ಸ್ಟೀವ್’ ಅನ್ನುತ್ತಿದ್ದರು. ಆ ಹೆಸರಿಗೆ ಕಾರಣರಾದ ಆಟಗಾರ 2021ರಲ್ಲಿ ಕ್ಷಮೆ ಕೇಳಿದರು. ಅವರ ಮನಸ್ಸಿನಲ್ಲಿ ದ್ವೇಷ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಯಾರ ಹೆಸರು ಉಳಿಯುತ್ತದೆ, ಯಾರದ್ದು ಬದಲಾಗುತ್ತದೆ ಅಂತ ನಿಮ್ಮ ತಂಡದಲ್ಲೇ ಒಮ್ಮೆ ಎಣಿಸಿ ನೋಡಿ. ಹೆಸರು ಹೇಳಲು ಬರದಿದ್ದರೆ ಅವರನ್ನೇ ಕೇಳಿ ಕಲಿಯಿರಿ, ಎರಡು ನಿಮಿಷದ ಕೆಲಸ.

ಪ್ರಶ್ನೆ: ನನ್ನ ಮೇಲೆ ದೂರು ಬಂದಿದೆ. ಕೆಲವು ಮಾತು ಆಡಿದ್ದು ನಿಜ, ಕೆಲವು ಆಡಿಯೇ ಇಲ್ಲ. ದೂರು ಕೊಟ್ಟವನೂ ಸಾಚಾ ಅಲ್ಲ, ಅವನ ಹಳೆಯ ಮೆಸೇಜ್‌ಗಳು ನನ್ನ ಹತ್ತಿರ ಇವೆ.

ಉತ್ತರ: ಆಡದ ಮಾತಿಗೆ ನೀವು ತಲೆ ಕೊಡಬೇಕಿಲ್ಲ. ಯಾವ ದಿನ, ಯಾವ ಮಾತು ಅಂತ ಬರವಣಿಗೆಯಲ್ಲಿ ಕೇಳುವ, ಉತ್ತರ ಕೊಡುವ, ಸಾಕ್ಷಿ ತರುವ ಹಕ್ಕು ನಿಮಗಿದೆ. ರಫೀಕ್ ಪ್ರಕರಣದಲ್ಲೇ 2023ರ ಮಾರ್ಚ್‌ನ ವಿಚಾರಣೆಯ ನಂತರ ಇಂಗ್ಲೆಂಡಿನ ಮಾಜಿ ಕ್ಯಾಪ್ಟನ್ ಮೈಕೆಲ್ ವಾನ್ ಮೇಲಿನ ಆರೋಪ ಸಾಬೀತಾಗಲಿಲ್ಲ, ಬೇರೆ ಕೆಲವರ ಮೇಲಿನದು ಸಾಬೀತಾಯಿತು. ಒಬ್ಬೊಬ್ಬರದನ್ನು ಬಿಡಿಬಿಡಿಯಾಗಿ ನೋಡಿದ್ದರಿಂದ ಅದು ಸಾಧ್ಯವಾಯಿತು.

ಹಳೆಯ ಮೆಸೇಜ್ ವಿಷಯ ಬೇರೆ. ರಫೀಕ್ 2011ರಲ್ಲಿ ಯಹೂದಿಗಳನ್ನು ಹೀಯಾಳಿಸಿ ಕಳಿಸಿದ್ದ ಮೆಸೇಜ್‌ಗಳೂ ಹೊರಬಂದವು. ಅವರು ನೇರವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಅದರಿಂದ ಅವರಿಗಾದ ಅನ್ಯಾಯ ಸುಳ್ಳಾಗಲಿಲ್ಲ. ನಿಮ್ಮ ಹತ್ತಿರ ಇರುವುದು ನಿಜಕ್ಕೂ ತಪ್ಪು ಮಾತಾಗಿದ್ದರೆ ಬೇರೆಯೇ ದೂರು ಕೊಡಿ, ನಿಮ್ಮ ರಕ್ಷಣೆಗೆ ಗುರಾಣಿ ಮಾಡಿಕೊಳ್ಳಬೇಡಿ. ಆಡಿದ ಮಾತನ್ನು ಆಡಿದ್ದೇನೆ ಅಂತ ವಿಚಾರಣೆಯಲ್ಲಿ ಒಪ್ಪಿಕೊಳ್ಳಿ. ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಅನ್ನಬೇಡಿ, ಆ ‘ಆಗಿದ್ದರೆ’ ಎಲ್ಲವನ್ನೂ ಕೆಡಿಸುತ್ತದೆ. ಅಲ್ಲಿಯ ತನಕ ಅವನಿಗೆ ಫೋನ್ ಮಾಡುವುದು, ಗೆಳೆಯರನ್ನು ಕಳಿಸುವುದು ಯಾವುದೂ ಬೇಡ.

ಪ್ರಶ್ನೆ: ಜೊತೆಯ ಆಟಗಾರ್ತಿಯನ್ನು ಸೀನಿಯರ್‌ಗಳು ಕಾಡುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಬಾಯಿ ಬಿಟ್ಟರೆ ನನ್ನ ಜಾಗವೂ ಹೋಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಆಸ್ಟ್ರೇಲಿಯಾದ ಕಾಲಿಂಗ್‌ವುಡ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಹೆರಿಟಿಯೆ ಲುಮುಂಬಾ ಅನ್ನುವ ಕಪ್ಪು ಆಟಗಾರನನ್ನು ಮಂಗದ ಹೆಸರಿನಿಂದ ಕರೆಯುತ್ತಿದ್ದರು. 2021ರ ಫೆಬ್ರವರಿಯಲ್ಲಿ ಹೊರಬಂದ ತನಿಖಾ ವರದಿ, ಜನಾಂಗೀಯತೆ ಕ್ಲಬ್ಬಿನ ವ್ಯವಸ್ಥೆಯಲ್ಲೇ ಸೇರಿಕೊಂಡಿದೆ, ದನಿ ಎತ್ತಿದವರೇ ಬೆಲೆ ತೆತ್ತಿದ್ದಾರೆ ಅಂತ ಹೇಳಿತು. ಅಂಥ ವರದಿ ಬಂದ ದಿನವನ್ನು ಕ್ಲಬ್ ಅಧ್ಯಕ್ಷರು ಹೆಮ್ಮೆಯ ದಿನ ಅಂದುಬಿಟ್ಟರು, ಕೆಲವೇ ದಿನಗಳಲ್ಲಿ ಹುದ್ದೆ ಬಿಡಬೇಕಾಯಿತು.

ನೋಡಿದವರು ಮಾತಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕರ್ನಾಟಕದ ಮಾಜಿ ಕ್ರಿಕೆಟಿಗ ದೊಡ್ಡ ಗಣೇಶ್ 2020ರಲ್ಲಿ ಹೇಳಿದ್ದು ನೆನಪಾಗುತ್ತದೆ. ಆಡುವ ದಿನಗಳಲ್ಲಿ ತಾನೂ ಜನಾಂಗೀಯ ಚುಚ್ಚುಮಾತು ಕೇಳಿದ್ದೆ, ಅದಕ್ಕೆ ಸಾಕ್ಷಿ ಭಾರತದ ಒಬ್ಬ ದಿಗ್ಗಜ ಆಟಗಾರ ಮಾತ್ರ ಅಂದಿದ್ದರು. ಅವರು 4 ಟೆಸ್ಟ್ ಆಡಿದ್ದು 1997ರಲ್ಲಿ. ಮಾತು ಹೊರಬರಲು ಎಷ್ಟು ಕಾಲ ಬೇಕಾಯಿತು ನೋಡಿ.

ಎಲ್ಲರ ಮುಂದೆ ಎದ್ದು ನಿಂತು ಕೂಗಾಡಿ ಅಂತ ನಾನು ಹೇಳುತ್ತಿಲ್ಲ. ಆಕೆಯನ್ನು ಒಬ್ಬರೇ ಇರುವಾಗ ಕಂಡು ‘ನಾನು ನೋಡಿದೆ, ಅದು ಸರಿಯಲ್ಲ, ದೂರು ಕೊಟ್ಟರೆ ನಾನು ಸಾಕ್ಷಿ ಹೇಳುತ್ತೇನೆ’ ಅನ್ನಿ. ಮುಂದುವರಿಯುವ ನಿರ್ಧಾರ ಆಕೆಯದ್ದಿರಲಿ. ಕಂಡದ್ದನ್ನು ಅವತ್ತೇ ಬರೆದು, ದಿನಾಂಕ ಇರುವಂತೆ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ತಂಡದಲ್ಲಿ ನಿಮ್ಮಂತೆಯೇ ಯೋಚಿಸುವ ಇನ್ನೊಬ್ಬಳು ಇದ್ದೇ ಇರುತ್ತಾಳೆ, ಅವಳನ್ನು ಹುಡುಕಿ. ಇಬ್ಬರು ಒಟ್ಟಿಗೆ ಹೆಸರು ಹಾಕಿ ಕೊಟ್ಟ ಕಾಗದವನ್ನು ತಳ್ಳಿಹಾಕುವುದು ಸಮಿತಿಗೆ ಕಷ್ಟ. ಆಮೇಲೆ ನಿಮ್ಮ ಜಾಗ ಕಾರಣವಿಲ್ಲದೆ ಹೋದರೆ ಅದನ್ನೂ ಸೇಡಿನ ಕ್ರಮ ಅಂತ ಅದೇ ದೂರಿಗೆ ಸೇರಿಸಿ, ಕ್ಲಬ್ಬಿನ ಮೇಲಿನ ಸಂಸ್ಥೆಗೆ ಕಳಿಸಿ.