ಮೊಳಕೆ ಕಾಳಿನ ಪ್ರಯೋಗದಲ್ಲಿ ನೀರು ಯಾಕೆ ಏರಲಿಲ್ಲ

ಮೇಡಂ, ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಬರೆಯಲು ಕೂತೆ. ಮುಂದಿನ ಸೋಮವಾರ ಹತ್ತನೇ ತರಗತಿಗೆ ಜೀವಕೋಶದ ಉಸಿರಾಟದ ಪ್ರಯೋಗ ಮಾಡಿ ತೋರಿಸಬೇಕು, ಹೋದ ವರ್ಷ ಫ್ಲಾಸ್ಕಿನಲ್ಲಿ ಮೊಳಕೆ ಕಾಳು, ಕಾರ್ಬನ್ ಡೈಆಕ್ಸೈಡ್ ಹೀರುವ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಎಲ್ಲ ಇಟ್ಟರೂ, ಕಾರ್ಕಿನಿಂದ ಬೀಕರಿನ ನೀರಿಗೆ ಇಳಿಬಿಟ್ಟ ನಳಿಕೆಯಲ್ಲಿ ನೀರು ಏರಲಿಲ್ಲ, ಬದಲಿಗೆ ಗುಳ್ಳೆ ಬಂತು, ಸುಣ್ಣದ ತಿಳಿನೀರೂ ಕೈಕೊಟ್ಟಿತು, ಕೊನೆಗೆ ಬೋರ್ಡ್ ಮೇಲೆ ಚಿತ್ರ ಬರೆದು ಮುಗಿಸಿದೆ ಅಂತ ಬರೆದಿದ್ದೀರಿ. ನನಗೂ ಎರಡು ವರ್ಷ ಹೀಗೇ ಆಗಿತ್ತು. ನಿಮ್ಮ ಕಾಳು ಉಸಿರಾಡುತ್ತಲೇ ಇತ್ತು ಮೇಡಂ. ಫ್ಲಾಸ್ಕಿನ ಗಾಳಿ ಬಿಸಿಯಾಗಿದ್ದಕ್ಕೆ ಅದು ಕಾಣಲಿಲ್ಲ, ಅಷ್ಟೇ.

ಲೆಕ್ಕ ನೋಡಿ. 250 ಎಂಎಲ್ ಫ್ಲಾಸ್ಕಿಗೆ ಕಾಳು ಹಾಕಿದ ಮೇಲೆ ಸುಮಾರು 200 ಎಂಎಲ್ ಗಾಳಿ ಉಳಿಯುತ್ತದೆ. ನಮ್ಮ ಕೋಣೆಯ ಶಾಖದಲ್ಲಿ ಆ ಗಾಳಿ ಒಂದೇ ಒಂದು ಡಿಗ್ರಿ ಬಿಸಿಯಾದರೆ 0.6 ಎಂಎಲ್‌ಗಿಂತ ಜಾಸ್ತಿ ಹಿಗ್ಗುತ್ತದೆ. ನಳಿಕೆಯ ಒಳ ಅಗಲ 5 ಮಿಲಿಮೀಟರ್ ಇದ್ದರೆ ಅಷ್ಟಕ್ಕೇ ನೀರು ಮೂರು ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಫ್ಲಾಸ್ಕನ್ನು ಅಂಗೈಯಲ್ಲಿ ಹಿಡಿದುಕೊಂಡು ಮಕ್ಕಳಿಗೆ ತೋರಿಸಿದರೆ ಸಾಕು, ಒಂದು ಡಿಗ್ರಿ ಯಾವ ಲೆಕ್ಕ! ಕಿಟಕಿ ಹತ್ತಿರ ಇಟ್ಟರೂ ಅಷ್ಟೇ. ಕಾಳು ಎಳೆದುಕೊಂಡ ಆಕ್ಸಿಜನ್ನಿಗಿಂತ ಗಾಳಿಯ ಹಿಗ್ಗುವಿಕೆಯೇ ಜಾಸ್ತಿಯಾಗಿ ಗುಳ್ಳೆ ಹೊರಗೆ ಬಂದಿದೆ.

ಅದಕ್ಕೇ ಒಂದು ಫ್ಲಾಸ್ಕ್ ಸಾಲದು, ಮೂರು ಇಡಿ. ಮೊದಲನೆಯದರಲ್ಲಿ ಮೊಳಕೆ ಕಾಳು ಮತ್ತು ಹೈಡ್ರಾಕ್ಸೈಡ್. ಎರಡನೆಯದರಲ್ಲಿ ಕಾಳಿನ ಬದಲು ಗೋಲಿ ಮತ್ತು ಹೈಡ್ರಾಕ್ಸೈಡ್. ಮೂರನೆಯದರಲ್ಲಿ ಬರೀ ಮೊಳಕೆ ಕಾಳು. ಗೋಲಿಯನ್ನು ಸುಮ್ನೆ ಕಣ್ಣಳತೆಯಲ್ಲಿ ಹಾಕಬೇಡಿ. ಅಳತೆ ಜಾಡಿಯಲ್ಲಿ 50 ಎಂಎಲ್ ನೀರು ತಗೊಂಡು ಕಾಳು ಹಾಕಿ, ನೀರು ಎಷ್ಟು ಏರಿತು ಬರೆದಿಟ್ಟು, ಅಷ್ಟೇ ಏರುವ ಹಾಗೆ ಗೋಲಿ ಹಾಕಿ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಅವರಿಗೆ ತುಂಬ ಇಷ್ಟವಾಗುತ್ತದೆ. ಗೋಲಿ ಉಸಿರಾಡುವುದಿಲ್ಲ, ಹಾಗಾಗಿ ಆ ಫ್ಲಾಸ್ಕಿನಲ್ಲಿ ನೀರು ಮೇಲೆ ಕೆಳಗೆ ಆದದ್ದೆಲ್ಲ ಕೋಣೆಯ ಶಾಖದಿಂದ ಆದದ್ದು. ಅದನ್ನು ಕಾಳಿನ ಫ್ಲಾಸ್ಕಿನ ಲೆಕ್ಕದಿಂದ ಕಳೆದರೆ ನಿಜವಾದ ಉಸಿರಾಟ ಸಿಗುತ್ತದೆ. ಹೋದ ಸಲ ನಮ್ಮ ತರಗತಿಯಲ್ಲಿ ಗೋಲಿಯ ಫ್ಲಾಸ್ಕಿನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದಿತ್ತು, ಕಾಳಿನದರಲ್ಲಿ ನಾಲ್ಕು ಏರಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು "ಸಾರ್, ಹಾಗಾದ್ರೆ ಕಾಳು ಐದು ಸೆಂಟಿಮೀಟರ್ ಕುಡಿದಿದೆ" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ!

ಮೂರನೇ ಫ್ಲಾಸ್ಕ್ ಬಿಡಬೇಡಿ. ಅದರಲ್ಲಿ ನೀರು ಹೆಚ್ಚುಕಮ್ಮಿ ನಿಂತಲ್ಲೇ ನಿಲ್ಲುತ್ತದೆ, ಯಾಕೆಂದರೆ ಪಿಷ್ಟ ಜಾಸ್ತಿ ಇರುವ ಕಾಳು ಎಷ್ಟು ಆಕ್ಸಿಜನ್ ತಗೊಳ್ಳುತ್ತದೋ ಹತ್ತಿರ ಹತ್ತಿರ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹೈಡ್ರಾಕ್ಸೈಡ್ ಆ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡಾಗ ಮಾತ್ರ ಜಾಗ ಖಾಲಿಯಾಗಿ ನೀರು ಏರುತ್ತದೆ. ಸಮಯ ಇದ್ದರೆ ನಾಲ್ಕನೆಯದರಲ್ಲಿ ಮೊಳಕೆ ಬಂದ ಶೇಂಗಾ ಇಡಿ. ಎಣ್ಣೆಕಾಳಿನಲ್ಲಿ ಬಿಟ್ಟ ಕಾರ್ಬನ್ ಡೈಆಕ್ಸೈಡಿಗೂ ತಗೊಂಡ ಆಕ್ಸಿಜನ್ನಿಗೂ ಇರುವ ಅನುಪಾತ 0.7ರ ಹತ್ತಿರ ಇರುವುದರಿಂದ ಹೈಡ್ರಾಕ್ಸೈಡ್ ಇಲ್ಲದೆಯೂ ನೀರು ಸ್ವಲ್ಪ ಏರುತ್ತದೆ. ಪಿಯುಸಿಗೆ ಹೋದಾಗ ಮಕ್ಕಳಿಗೆ ಇದೇ ಪಾಠ ಬರುತ್ತದೆ.

ಕಾರ್ಕ್ ಒತ್ತುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ರಬ್ಬರ್ ಕಾರ್ಕ್ ಒಳಗೆ ಹೋಗುವಾಗ ಗಾಳಿಯನ್ನೂ ಒತ್ತುತ್ತದೆ, ನಳಿಕೆಯಿಂದ ಗುಳ್ಳೆ ಬರುತ್ತದೆ. ನಾನು ಮೊದಲೇ ಕಾರ್ಕಿಗೆ ಒಂದು ಇಂಜೆಕ್ಷನ್ ಸೂಜಿ ಚುಚ್ಚಿ, ಆಮೇಲೆ ಕಾರ್ಕ್ ಒತ್ತಿ, ಹತ್ತು ನಿಮಿಷ ಹಾಗೇ ಬಿಡುತ್ತೇನೆ. ಒಳಗೂ ಹೊರಗೂ ಒಂದೇ ಒತ್ತಡ, ಒಂದೇ ಶಾಖ ಆದ ಮೇಲೆ ಸೂಜಿ ಎಳೆದರೆ ರಬ್ಬರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಚಿಗೆ ವ್ಯಾಸಲಿನ್ ಸವರಿ. ಅಲ್ಲಿಂದ ಮುಂದೆ ಫ್ಲಾಸ್ಕ್ ಮುಟ್ಟುವ ಹಾಗಿಲ್ಲ, ಯಾರೂ ಮುಟ್ಟುವ ಹಾಗಿಲ್ಲ! ಬೀಕರಿನ ನೀರಿಗೆ ನಾಲ್ಕು ಹನಿ ಕೆಂಪು ಇಂಕ್ ಹಾಕಿದರೆ ಹಿಂದೆ ಕೂತವರಿಗೂ ಕಾಣುತ್ತದೆ. ರಾತ್ರಿಯಿಡೀ ಬಿಟ್ಟರೆ ನೀರು ನಳಿಕೆ ದಾಟಿ ಫ್ಲಾಸ್ಕಿಗೇ ಇಳಿಯಬಹುದು, ಸಂಜೆಯೇ ಬಿಚ್ಚಿಬಿಡಿ.

ಹೈಡ್ರಾಕ್ಸೈಡ್ ಹಳೆಯದಾಗಿದ್ದರೆ ಅದೂ ಕಾರಣ ಇರಬಹುದು. ಡಬ್ಬಿ ಸರಿಯಾಗಿ ಮುಚ್ಚದೆ ಇದ್ದರೆ ಅದು ಗಾಳಿಯಲ್ಲಿನ ತೇವ ಮತ್ತು ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಂಡು ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಕೆಲಸ ನಿಧಾನ. ಹೊಸದು ತರಿಸಿ. ಇದು ಚರ್ಮ, ಕಣ್ಣು ಸುಡುವ ವಸ್ತು. ಚಿಮುಟದಲ್ಲಿ ನೀವೇ ತೆಗೆದು ಪುಟ್ಟ ಪ್ರನಾಳಕ್ಕೆ ಹಾಕಿ, ದಾರ ಕಟ್ಟಿ ಒಳಗೆ ತೂಗುಬಿಡಿ, ಕಾಳಿಗೆ ತಾಗಬಾರದು. ಕನ್ನಡಕ ಹಾಕಿಕೊಳ್ಳಿ. ಮಕ್ಕಳ ಕೈಗೆ ಕೊಡಲೇಬೇಡಿ. ತಪ್ಪಿ ಕೈಗೆ ಬಿದ್ದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು.

ಕಾಳು ಹೆಸರುಕಾಳೇ ಒಳ್ಳೆಯದು, ಬೇಗ ಮೊಳೆಯುತ್ತದೆ. ಸೋಮವಾರದ ಪ್ರಯೋಗಕ್ಕೆ ಶನಿವಾರ ಸಂಜೆ ನೆನೆಹಾಕಿ, ಭಾನುವಾರ ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಸೋಮವಾರ ಆ ಗಂಟನ್ನು ಬಿಚ್ಚುವ ಮೊದಲು ಎರಡು ಮೂರು ಮಕ್ಕಳಿಗೆ ಅದರ ನಡುವೆ ಬೆರಳು ತೂರಿಸಿ ನೋಡಲು ಹೇಳಿ. ಬೆಚ್ಚಗಿರುತ್ತದೆ. ಗೋಣಿಚೀಲದಲ್ಲಿ ಬಿತ್ತನೆ ಭತ್ತ ಮೊಳಕೆ ಕಟ್ಟುವುದನ್ನು ಮನೆಯಲ್ಲಿ ನೋಡಿದ ಮಕ್ಕಳಿದ್ದರೆ ಅವರೇ ಹೇಳುತ್ತಾರೆ, ಚೀಲ ಕಾವು ಬರುತ್ತದೆ ಅಂತ. ಆ ಕಾವೇ ಪಾಠ ಅಲ್ವಾ. ಸಕ್ಕರೆಯ ಶಕ್ತಿಯೆಲ್ಲ ಎಟಿಪಿ, ಅಂದರೆ ಜೀವಕೋಶ ಕೆಲಸಕ್ಕೆ ಬಳಸುವ ಶಕ್ತಿಯ ಅಣು, ಆಗುವುದಿಲ್ಲ, ತುಂಬ ಭಾಗ ಶಾಖವಾಗಿ ಹೋಗುತ್ತದೆ.

ಅದನ್ನು ಅಳೆದು ತೋರಿಸಬೇಕಾದರೆ ಎರಡು ಥರ್ಮಾಸ್ ಸಾಕು, ಒಂದರಲ್ಲಿ ಮೊಳಕೆ, ಒಂದರಲ್ಲಿ ಬೇಯಿಸಿ ಆರಿಸಿದ ಕಾಳು. ಬಾಯಿಗೆ ಹತ್ತಿ ತುರುಕಿ, ಕಾರ್ಕ್ ಬೇಡ, ಗಾಳಿ ಆಡಬೇಕು. ಜ್ವರ ನೋಡುವ ಥರ್ಮಾಮೀಟರ್ 35 ಡಿಗ್ರಿಯಿಂದ ಶುರುವಾಗುವುದರಿಂದ ಉಪಯೋಗವಿಲ್ಲ, ಪ್ರಯೋಗಶಾಲೆಯದೇ ಬೇಕು. ಬೇಯಿಸಿದ ಕಾಳನ್ನು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಅದ್ದಿ ತೆಗೆಯಿರಿ. ಒಂದು ವರ್ಷ ನಾನು ಹಾಗೆ ಮಾಡಿರಲಿಲ್ಲ. ಮಾರನೇ ದಿನ ಸತ್ತ ಕಾಳೂ ಬಿಸಿಯಾಗಿತ್ತು, ಮುಚ್ಚಳ ತೆಗೆದರೆ ಹುಳಿ ವಾಸನೆ. ಕಾಳು ಸತ್ತಿತ್ತು, ಆದರೆ ಮೇಲೆ ಬೆಳೆದ ಸೂಕ್ಷ್ಮಜೀವಿಗಳು ಉಸಿರಾಡುತ್ತಿದ್ದವು.

ಇನ್ನು ಕಾರ್ಬನ್ ಡೈಆಕ್ಸೈಡ್ ತಾಗಿದರೆ ಹಾಲಿನ ಹಾಗೆ ಬೆಳ್ಳಗಾಗುವ ಸುಣ್ಣದ ತಿಳಿ. ಎಲೆಅಡಿಕೆ ಸುಣ್ಣವೇ ಸಾಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಚಮಚ ಹಾಕಿ ಚೆನ್ನಾಗಿ ಅಲ್ಲಾಡಿಸಿ ರಾತ್ರಿ ಬಿಡಿ. ಲೀಟರಿಗೆ ಎರಡು ಗ್ರಾಂ ಕೂಡ ಕರಗುವುದಿಲ್ಲ, ಉಳಿದದ್ದು ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಸೋಸಿ, ಬಾಟಲಿ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಅರ್ಧ ತುಂಬಿಟ್ಟರೆ ಮೇಲಿನ ಗಾಳಿಯೇ ಅದನ್ನು ಕೆಡಿಸುತ್ತದೆ. ಇನ್ನೊಂದು ವಿಷಯ, ಹಾಲಿನ ಹಾಗೆ ಆದ ಮೇಲೂ ಊದುತ್ತಾ ಹೋದರೆ ಅದು ಮತ್ತೆ ತಿಳಿಯಾಗುತ್ತದೆ, ಕಾರ್ಬೋನೇಟ್ ಹೋಗಿ ಕರಗುವ ಬೈಕಾರ್ಬೋನೇಟ್ ಆಗುತ್ತದೆ. ನಿಮ್ಮ ಮಕ್ಕಳು ಉತ್ಸಾಹದಲ್ಲಿ ಜಾಸ್ತಿ ಊದಿರಬಹುದು. ಸ್ಟ್ರಾ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಮಾಡಿ ಕೊಡಿ, ಯಾರಾದರೂ ತಪ್ಪಿ ಎಳೆದರೂ ಬಾಯಿಗೆ ಗಾಳಿ ಬರುತ್ತದೆ, ಸುಣ್ಣ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸ್ಟ್ರಾ. ಪಕ್ಕದಲ್ಲಿ ಸಿರಿಂಜಿನಿಂದ ಕೋಣೆಯ ಗಾಳಿ ಊದಿ ತೋರಿಸಿ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇಕಡ 0.04, ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇಕಡ 4.

ಆಕ್ಸಿಜನ್ ಇಲ್ಲದ ಉಸಿರಾಟ ತೋರಿಸಲು ಯೀಸ್ಟ್ ಸುಲಭ. ಹಸುಗೂಸಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು 200 ಎಂಎಲ್, ನಾಲ್ಕು ಚಮಚ ಸಕ್ಕರೆ, ಒಂದು ಚಮಚ ಒಣ ಯೀಸ್ಟ್. ಜಾಸ್ತಿ ಬಿಸಿಯಾದರೆ ಯೀಸ್ಟ್ ಸಾಯುತ್ತದೆ. ನೊರೆ ಉಕ್ಕುವುದರಿಂದ ಬಾಟಲಿ ಅರ್ಧ ಮಾತ್ರ ತುಂಬಿ, ಮೇಲೆ ಒಂದು ಪದರ ಅಡುಗೆ ಎಣ್ಣೆ ಬಿಡಿ, ಹೊರಗಿನ ಆಕ್ಸಿಜನ್ ತಡೆಯಲು. ಸಲೈನ್ ಪೈಪಿನ ಒಂದು ತುದಿ ಎಣ್ಣೆಯ ಮೇಲೆ ಇರಲಿ, ಇನ್ನೊಂದು ತುದಿ ಸುಣ್ಣದ ತಿಳಿಗೆ. ಇಡ್ಲಿ ಹಿಟ್ಟಿನ ಉದಾಹರಣೆ ಖಂಡಿತ ಬರುತ್ತದೆ, ಅಲ್ಲಿ ಉಬ್ಬಿಸುವುದು ಮುಖ್ಯವಾಗಿ ಯೀಸ್ಟ್ ಅಲ್ಲ, ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಅಂತ ತಿದ್ದಿ ಹೇಳಿ.

ನಲವತ್ತು ನಿಮಿಷದಲ್ಲಿ ಎಲ್ಲ ಆಗಲ್ಲ. ಥರ್ಮಾಸನ್ನು ಹಿಂದಿನ ದಿನವೇ ಇಟ್ಟಿರಿ, ಮೂರು ಫ್ಲಾಸ್ಕನ್ನು ಪ್ರಾರ್ಥನೆಗೆ ಮೊದಲು, ಯೀಸ್ಟನ್ನು ಪೀರಿಯಡ್ ಶುರುವಾಗುವ ಕಾಲು ಗಂಟೆ ಮುಂಚೆ. ತರಗತಿಯಲ್ಲಿ ಅಳೆಯುವುದು, ಊದುವುದು, ಮಾತಾಡುವುದು ಮಾತ್ರ. ಭಾನುವಾರ ಒಂದು ಸಲ ನೀವೊಬ್ಬರೇ ಪೂರ್ತಿ ಮಾಡಿ ನೋಡಿ, ಅದಕ್ಕೆ ಬೇಕಾದ ಕಾಳನ್ನು ಶುಕ್ರವಾರವೇ ನೆನೆಹಾಕಬೇಕಾಗುತ್ತದೆ. ಮುಗಿದ ಮೇಲೆ ಹೈಡ್ರಾಕ್ಸೈಡ್ ಇಟ್ಟ ಫ್ಲಾಸ್ಕಿನ ಕಾಳನ್ನು ಯಾರೂ ತಿನ್ನದ ಹಾಗೆ, ದನಕ್ಕೂ ಹಾಕದ ಹಾಗೆ ಮಣ್ಣಲ್ಲಿ ಮುಚ್ಚಿಸಿ. ಗಂಟಿನಲ್ಲಿ ಉಳಿದ ಮೊಳಕೆಯನ್ನು ಮಕ್ಕಳಿಗೆ ಶಾಲೆ ಹಿತ್ತಲಲ್ಲಿ ನೆಡಲು ಕೊಡಿ.