ಅಮ್ಮನಿಗೆ ಹೇಳಬೇಡ ಎಂದ ಬೈಬಲ್ ಕ್ಲಾಸು

(ಗುರುತು ಸಿಗಬಾರದೆಂದು ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ.)

ರೂತ್ ಇಪ್ಪತ್ತಾರರ ಹುಡುಗಿ. ಬೆಂಗಳೂರಿನಲ್ಲಿ ನರ್ಸ್, ಪಿಜಿಯಲ್ಲಿ ವಾಸ. ಅಪ್ಪ ತೀರಿಕೊಂಡ ಸ್ವಲ್ಪ ದಿನಕ್ಕೆ ವಾಟ್ಸಾಪ್‌ನಲ್ಲಿ ಪರಿಚಯವಾದ ಒಬ್ಬ ಅಕ್ಕ ಆನ್‌ಲೈನ್ ಬೈಬಲ್ ಕ್ಲಾಸಿಗೆ ಸೇರಿಸಿದಳು. ವಾರಕ್ಕೆ ನಾಲ್ಕು ರಾತ್ರಿ ಪಾಠ. ಮೊದಲು ಸಾಮ್ಯಗಳು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳು; ಆಮೇಲೆ ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ, ಸುರುಳಿಯೊಂದಕ್ಕೆ ಹಾಕಿದ ಏಳು ಮುದ್ರೆಗಳು. ಕ್ಲಾಸಿನ ವಿಷಯ ಮನೆಯಲ್ಲಿ ಹೇಳಬಾರದು. ಕೆಲವು ತಿಂಗಳ ಮೇಲೆ ಗುಟ್ಟು ಬಿಚ್ಚಿದರು: ಕರ್ತನಾದ ಯೇಸುವಿನ ಎರಡನೆಯ ಬರೋಣ, ಅಂದರೆ ಆತ ಮತ್ತೆ ಬರುವುದು, ಆಗಿಹೋಗಿದೆ, ದೂರದೇಶದಲ್ಲಿರುವ ನಮ್ಮ ಗುರುವೇ ಆತ.

ಮೊದಲು ನನ್ನ ಬಳಿ ಬಂದವರು ರೂತ್‌ಳ ತಾಯಿ. ಮಗಳು ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದಳು. "ಮೇಡಂ, ನೀವಾದ್ರೂ ಬುದ್ಧಿ ಹೇಳಿ. ನಮ್ಮ ಚರ್ಚಿನ ಅಯ್ಯನವರು ಬೈದರು, ನಾನೂ ಬೈದೆ. ಎದ್ದು ಹೋದಳು."

ರೂತ್ ಬಂದಾಗ ತನ್ನ ನೋಟ್‌ಬುಕ್ ತೋರಿಸಿದಳು. ಅಚ್ಚುಕಟ್ಟಾದ ಬರವಣಿಗೆ. ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: 'ಮನೆಯವರು ವಿರೋಧಿಸುತ್ತಾರೆ. ಸತ್ಯ ಸಿಕ್ಕಿದ್ದಕ್ಕೆ ಅದೇ ಗುರುತು. ಮತ್ತಾಯ 10:36.' ಮನುಷ್ಯನಿಗೆ ಅವನ ಮನೆಯವರೇ ವೈರಿಗಳಾಗುವರು ಅನ್ನುವ ಬೈಬಲ್ ವಚನ ಅದು. ಅಂದರೆ ತಾಯಿ ಬೈದಷ್ಟೂ ಕ್ಲಾಸಿನವರ ಮಾತು ನಿಜವಾಗುತ್ತಿತ್ತು.

ಹಾಗಾಗಿ ತಾಯಿಗೆ ನಾನು ಮೊದಲು ಹೇಳಿದ್ದು ಇಷ್ಟೇ: ವಾದ ನಿಲ್ಲಿಸಿ. ದಿನಾ ಫೋನ್ ಮಾಡಿ, ಆದರೆ ಗುರುವಿನ ಸುದ್ದಿ ಎತ್ತಬೇಡಿ. ಇದು ಸೋಲಲ್ಲ. ಅಲ್ಲಿ ನಿನಗೆ ಏನು ಹಿಡಿಸಿತು ಎಂದು ನಾನು ಕೇಳಿದಾಗ ರೂತ್ ಹೇಳಿದ್ದು ಸಿದ್ಧಾಂತವನ್ನಲ್ಲ. "ಅಪ್ಪ ಹೋದಾಗ ಸಭೆಯವರು ಮೂರು ದಿನ ಬಂದರು. ಆ ಅಕ್ಕ ಇವತ್ತಿಗೂ ರಾತ್ರಿ ಕೇಳ್ತಾಳೆ, ಊಟ ಆಯ್ತಾ ಅಂತ." ಈ ಜಾಗ ತುಂಬದೆ ಬರೀ ತರ್ಕದಿಂದ ಯಾರನ್ನೂ ಹೊರಗೆ ತರಲು ಆಗುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅವಳ ನಂಬಿಕೆಯನ್ನು ನಾನು ಕಾಯಿಲೆ ಎನ್ನಲಿಲ್ಲ. ಕ್ರಿಸ್ತ ಮತ್ತೆ ಬರುತ್ತಾನೆಂಬುದು ಅವಳ ತಾಯಿಯ ನಂಬಿಕೆಯೂ ಹೌದು, ಅಲ್ವಾ? ಮತ್ತಾಯ 24ನೇ ಅಧ್ಯಾಯವನ್ನು ಕ್ಲಾಸಿನ ಟಿಪ್ಪಣಿ ಬದಿಗಿಟ್ಟು ನೀನೇ ಪೂರ್ತಿ ಓದು ಎಂದೆ. ಸುಳ್ಳು ಕ್ರಿಸ್ತರು, ಸುಳ್ಳು ಪ್ರವಾದಿಗಳು ಬರುತ್ತಾರೆ ಎಂದು 24ನೇ ವಚನ ಎಚ್ಚರಿಸುತ್ತದೆ. ಆತ ಒಳಕೋಣೆಯಲ್ಲಿದ್ದಾನೆ ಎಂದರೆ ನಂಬಬೇಡಿ ಎಂದು 26ರಲ್ಲಿದೆ. 27ರಲ್ಲಿ, ಆತನ ಬರೋಣ ಮೂಡಣದಿಂದ ಪಡುವಣದವರೆಗೆ ಕಾಣುವ ಮಿಂಚಿನ ಹಾಗೆ. ರೂತ್ 26ರ ಹತ್ತಿರ ತುಂಬಾ ಹೊತ್ತು ನಿಂತಳು.

ಏಳು ಮುದ್ರೆಗಳ ಪಾಠ ಹೊಸದಲ್ಲ ಎಂಬುದನ್ನೂ ಹೇಳಿದೆ. ಅಮೆರಿಕದ ಟೆಕ್ಸಾಸ್‌ನ ವೇಕೋ ಬಳಿ ಡೇವಿಡ್ ಕೋರೆಶ್ ಎಂಬಾತ ಆ ಮುದ್ರೆಗಳನ್ನು ಬಿಚ್ಚಬಲ್ಲವನು ತಾನೊಬ್ಬನೇ ಎನ್ನುತ್ತಿದ್ದ. ಅಲ್ಲಿನ ಕೇಂದ್ರ ಸರ್ಕಾರದ ಪಡೆಗಳ 51 ದಿನಗಳ ಮುತ್ತಿಗೆಯ ಕೊನೆಗೆ, 1993ರ ಏಪ್ರಿಲ್ 19ರಂದು, ಆತನ ಜೊತೆ ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಕೊರಿಯಾದಲ್ಲಿ ಲೀ ಜಾಂಗ್ ರಿಮ್ ಎಂಬ ಬೋಧಕ 1992ರ ಅಕ್ಟೋಬರ್ 28ಕ್ಕೆ ವಿಶ್ವಾಸಿಗಳು ಸ್ವರ್ಗಕ್ಕೆ ಎತ್ತಲ್ಪಡುತ್ತಾರೆ ಎಂದಿದ್ದ. ಜನ ಕೆಲಸ ಬಿಟ್ಟರು, ಆಸ್ತಿ ಮಾರಿದರು. ಅವನು ಮಾತ್ರ ಮರುವರ್ಷ ಕೈಗೆ ದುಡ್ಡು ಬರುವ ಬಾಂಡ್ ಕೊಂಡಿದ್ದ. ವಂಚನೆಗಾಗಿ ಜೈಲಿಗೆ ಹೋದ. ಇದನ್ನು ಕೇಳಿ ರೂತ್ ಕೇಳಿದಳು, "ನಮ್ಮವರು ಕೊಡೋ ದಶಮಾಂಶದ ದುಡ್ಡು ಎಲ್ಲಿ ಹೋಗುತ್ತೆ ಮೇಡಂ?" ನನ್ನನ್ನಲ್ಲ, ಅವರನ್ನೇ ಕೇಳು ಎಂದೆ.

ಜೊತೆಗೆ ಕೆಲವು ಖಚಿತ ಮಾತು. ರಾಜೀನಾಮೆ ಸದ್ಯಕ್ಕೆ ಕೊಡಬೇಡ. ಮಾರ್ಕ್ಸ್ ಕಾರ್ಡ್, ನರ್ಸಿಂಗ್ ರಿಜಿಸ್ಟ್ರೇಷನ್, ಎಟಿಎಂ ಕಾರ್ಡ್ ಯಾರ ಕೈಗೂ ಹೋಗಬಾರದು. ಒಂದು ಕ್ಲಾಸಿಗೆ ಅಮ್ಮನೂ ಕೂರಲಿ ಎಂದು ಕೇಳಿ ನೋಡು. ಕೇಳಿದಳು. ಅಮ್ಮನ ಮನಸ್ಸು ಇನ್ನೂ ಹದವಾಗಿಲ್ಲ, ನಿನ್ನೊಳಗೇ ಅನುಮಾನ ಹೊಕ್ಕಿದೆ ಎಂಬ ಉತ್ತರ ಬಂತು. ಅದು ಅವಳಿಗೆ ಚುಚ್ಚಿತು.

ರೂತ್ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ. ವಾರಕ್ಕೊಮ್ಮೆ ಕ್ಲಾಸಿಗೆ ಹೋಗುತ್ತಾಳೆ. ಕೆಲಸ ಉಳಿಸಿಕೊಂಡಿದ್ದಾಳೆ, ಭಾನುವಾರ ಅಮ್ಮನ ಜೊತೆ ಊಟಕ್ಕೆ ಕೂರುತ್ತಾಳೆ.

ಇಂಥ ಮನೆಯವರು ಇದ್ದರೆ ಒಂದು ಮಾತು. ವಯಸ್ಸಿಗೆ ಬಂದವರನ್ನು ಕೂಡಿಹಾಕಬೇಡಿ, ಅದು ತಪ್ಪು, ಕಾನೂನಿನ ಪ್ರಕಾರವೂ ತಪ್ಪು. ಆದರೆ ಕಠಿಣ ಉಪವಾಸ, ಔಷಧಿ ಬಿಡಿಸುವುದು, ಮಕ್ಕಳನ್ನು ಒಳಗೆ ಎಳೆಯುವುದು ಕಂಡರೆ ಕಾಯಬೇಡಿ. ಯೇಸುವನ್ನು ಕಾಣಲು ಉಪವಾಸವಿರಿ ಎಂಬ ಬೋಧನೆ ನಡೆದಿದ್ದ ಗುಂಪಿನ 400ಕ್ಕೂ ಹೆಚ್ಚು ಜನರ ಶವಗಳು ಕೀನ್ಯಾದ ಶಕಹೋಲಾ ಕಾಡಿನಲ್ಲಿ ಸಿಕ್ಕವು. ಅಗೆತ ಶುರುವಾದದ್ದು 2023ರಲ್ಲಿ. ಅಂಥ ಸೂಚನೆ ಕಂಡರೆ ತುರ್ತು ಸಹಾಯಕ್ಕೆ 112, ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇನ್ನು, ನಿಮ್ಮವರು ಸೋತು ವಾಪಸ್ ಬಂದ ದಿನ "ನಾನು ಅವತ್ತೇ ಹೇಳಿರಲಿಲ್ವಾ" ಎನ್ನಬೇಡಿ. ನಾಚಿಕೆಗೆ ಹೆದರಿಯೇ ಎಷ್ಟೋ ಜನ ಅಲ್ಲೇ ಉಳಿದುಬಿಡುತ್ತಾರೆ.