‘ಮೂರು’ ಎನ್ನಬೇಡಿ: ತ್ರಿತ್ವವೂ ತೌಹೀದೂ

ಪ್ರಶ್ನೆ: ಕ್ರೈಸ್ತರು ಮೂವರು ದೇವರನ್ನು ಆರಾಧಿಸುತ್ತಾರೆ ಎಂದು ನನ್ನ ಮುಸ್ಲಿಂ ಸಹಪಾಠಿ ಹೇಳುತ್ತಾಳೆ. ನಮಗಿರುವುದು ಒಬ್ಬನೇ ದೇವರು ಎಂದು ಕ್ರೈಸ್ತ ಗೆಳತಿ ನೊಂದುಕೊಳ್ಳುತ್ತಾಳೆ. ತ್ರಿತ್ವವೆಂದರೆ ನಮ್ಮ ತ್ರಿಮೂರ್ತಿಗಳಂಥ ಕಲ್ಪನೆಯೇ? ಯಾರ ಮಾತು ಸರಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ತ್ರಿಮೂರ್ತಿಗಳ ಹೋಲಿಕೆಯನ್ನು ಮೊದಲೇ ಬದಿಗಿಡೋಣ. ಸೃಷ್ಟಿ, ಸ್ಥಿತಿ, ಲಯಗಳಂತೆ ಮೂರು ಕಾರ್ಯಗಳ ಹಂಚಿಕೆ ಇಲ್ಲಿಲ್ಲ. ತ್ರಿತ್ವವೆಂದರೆ ತಂದೆ, ಮಗ (ಯೇಸು), ಪವಿತ್ರಾತ್ಮ ಎಂಬ ಮೂವರೂ ಒಬ್ಬನೇ ದೇವರೆಂಬ ಕ್ರೈಸ್ತ ಬೋಧನೆ. ಕ್ರಿ.ಶ. 325ರಲ್ಲಿ ಕ್ರೈಸ್ತ ಧರ್ಮಾಧ್ಯಕ್ಷರು ಸೇರಿದ್ದ ನೈಸೀಯ ಸಭೆಯು ಮಗನು ತಂದೆಯೊಂದಿಗೆ ಒಂದೇ ಸತ್ವವುಳ್ಳವನೆಂದು ಸಾರಿತು. ಪವಿತ್ರಾತ್ಮನೂ ಅವರೊಂದಿಗೆ ಆರಾಧ್ಯನೆಂಬ ಮಾತು 381ರ ಕಾನ್‌ಸ್ಟಾಂಟಿನೋಪಲ್ ಸಭೆಯದೆಂದು ಹೇಳಲಾಗುವ ವಿಶ್ವಾಸಪ್ರಮಾಣದಲ್ಲಿದೆ. ಆ ಸತ್ವ ಮೂರು ಪಾಲಾಗಿಲ್ಲ ಎಂಬುದೇ ಈ ಬೋಧನೆಯ ಹುರುಳು. ಕನ್ನಡದಲ್ಲಿ ತೊಡಕು ತರುವುದು ‘ವ್ಯಕ್ತಿ’ ಎಂಬ ಪದ. ಮೂರು ವ್ಯಕ್ತಿಗಳು ಎಂದೊಡನೆ ಜಗಲಿಯ ಮೇಲೆ ಕುಳಿತ ಮೂವರು ನಮ್ಮ ಕಣ್ಣಿಗೆ ಕಟ್ಟುತ್ತಾರೆ. ಅರಬ್ ಕ್ರೈಸ್ತರು ಇದಕ್ಕೆ ಸಿರಿಯಾಕ್ ಮೂಲದ ‘ಉಕ್ನೂಮ್’ ಎಂಬ ಪದವನ್ನು ಬಳಸುತ್ತಾರೆ. ಶಿಲುಬೆಯ ಗುರುತು ಮಾಡುವಾಗ ತಂದೆ, ಮಗ, ಪವಿತ್ರಾತ್ಮರ ಹೆಸರಿನ ಜೊತೆಗೆ ‘ಅಲ್ ಇಲಾಹ್ ಅಲ್ ವಾಹಿದ್’, ಅಂದರೆ ‘ಒಬ್ಬನೇ ದೇವರು’ ಎಂದೂ ಸೇರಿಸಿ ಹೇಳುತ್ತಾರೆ.

ಇನ್ನು ಕುರ್‌ಆನ್. ತೌಹೀದ್, ಅಂದರೆ ದೇವರು ಒಬ್ಬನೇ ಎಂಬ ನಂಬಿಕೆ, ಅದರ ತಿರುಳು. ನಾಲ್ಕೇ ವಚನಗಳ 112ನೆಯ ಅಧ್ಯಾಯ ಇಖ್ಲಾಸ್, ದೇವರು ಯಾರಿಗೂ ಜನ್ಮ ಕೊಟ್ಟಿಲ್ಲ, ಯಾರಿಂದಲೂ ಜನಿಸಿಲ್ಲ ಎನ್ನುತ್ತದೆ. 4ನೆಯ ಅಧ್ಯಾಯದ 171ನೆಯ ವಚನವು ‘ಮೂರು’ ಎನ್ನಬೇಡಿ ಎಂದು ‘ಗ್ರಂಥದವರ’ನ್ನು, ಅಂದರೆ ಇಲ್ಲಿ ಕ್ರೈಸ್ತರನ್ನು, ಎಚ್ಚರಿಸುತ್ತದೆ. 691–92ರ ಸುಮಾರಿಗೆ ಜೆರುಸಲೇಮಿನಲ್ಲಿ ಕಟ್ಟಿದ ಶಿಲಾಗುಮ್ಮಟವೆಂಬ (ಡೋಮ್ ಆಫ್ ದ ರಾಕ್) ಇಸ್ಲಾಮೀ ಕಟ್ಟಡದ ಒಳಗಿನ ಕಮಾನುಸಾಲಿನ ಮೇಲೆ ಇವೆರಡರ ಮಾತುಗಳೂ ಇವೆ. ಅಂದಿನ ಜೆರುಸಲೇಮಿನಲ್ಲಿ ಕ್ರೈಸ್ತರು ಬಹುಸಂಖ್ಯೆಯಲ್ಲಿದ್ದರು ಎಂಬುದನ್ನು ನೆನೆದರೆ, ಆ ಬರಹ ಯಾರನ್ನು ಉದ್ದೇಶಿಸಿದ್ದೆಂದು ತಿಳಿಯುತ್ತದೆ. ಆದರೆ ಸಂಗಾತಿಯ ಮೂಲಕ ದೇವರಿಗೆ ಮಗ ಹುಟ್ಟಿದನೆಂದು ಚರ್ಚ್ ಕೂಡ ಒಪ್ಪುವುದಿಲ್ಲ. ಯೇಸುವಿನ ತಾಯಿ ಮರಿಯಳನ್ನು ತ್ರಿತ್ವದಲ್ಲಿ ಸೇರಿಸುವುದೂ ಇಲ್ಲ.

ಅದೇ 171ನೆಯ ವಚನ ಯೇಸುವನ್ನು ದೇವರ ‘ವಚನ’ ಮತ್ತು ಅವನಿಂದ ಬಂದ ‘ಆತ್ಮ’ ಎಂದೂ ಕರೆಯುತ್ತದೆ. ಎಂಟನೆಯ ಶತಮಾನದಲ್ಲಿ ಕ್ರೈಸ್ತ ದೇವತಾಶಾಸ್ತ್ರಜ್ಞ ಡಮಾಸ್ಕಸಿನ ಯೋಹಾನನು ಇದನ್ನೇ ಹಿಡಿದು, ವಚನ ಮತ್ತು ಆತ್ಮಗಳನ್ನು ದೇವರ ಹೊರಗಿಟ್ಟರೆ ದೇವರನ್ನೇ ತುಂಡರಿಸಿದಂತಾಗುವುದಿಲ್ಲವೇ ಎಂದು ವಾದಿಸಿದನು. ಬಗ್ದಾದಿನಲ್ಲಿ ಖಲೀಫ ಅಲ್ ಮಹ್ದಿಯ ಮುಂದೆ ಪೂರ್ವದ ಕ್ರೈಸ್ತ ಸಭೆಯ ಮುಖ್ಯಸ್ಥ (ಪೇಟ್ರಿಯಾರ್ಕ್) ಒಂದನೆಯ ತಿಮೊಥೆಯನು ಸೂರ್ಯ, ಅದರ ಬೆಳಕು, ಅದರ ಬಿಸಿಯ ದೃಷ್ಟಾಂತ ಕೊಟ್ಟನು. ಮುಸ್ಲಿಂ ವಿದ್ವಾಂಸರ ಉತ್ತರವೂ ಗಟ್ಟಿಯಾದದ್ದೇ: ಇಲ್ಲಿ ವಚನವೆಂದರೆ ‘ಆಗು’ ಎಂಬ ಆಜ್ಞೆ, ತಂದೆಯಿಲ್ಲದೆ ಹುಟ್ಟಿದ್ದರಿಂದ ಈಸಾ (ಯೇಸು) ದೇವರಾಗುವುದಾದರೆ, ಮಣ್ಣಿನಿಂದ ಸೃಷ್ಟಿಯಾದ ಆದಮನನ್ನು ಏನೆನ್ನಬೇಕು?

ಆದ್ದರಿಂದ ‘ಮೂವರು ದೇವರು’ ಎಂಬುದು ಕ್ರೈಸ್ತ ನಂಬಿಕೆಯ ಸರಿಯಾದ ವಿವರಣೆಯಲ್ಲ. ಹಾಗೆಂದು ನಿಮ್ಮ ಸಹಪಾಠಿಯ ಆಕ್ಷೇಪವನ್ನು ತಪ್ಪು ತಿಳಿವಳಿಕೆ ಎಂದು ತಳ್ಳಿಹಾಕುವುದೂ ಅನ್ಯಾಯ. ಕ್ರೈಸ್ತರಿಗೆ ಯೇಸುವಿನಲ್ಲಿ ದೇವರೇ ಮನುಷ್ಯನಾಗಿ ಬಂದನು. ಮುಸ್ಲಿಮರಿಗೆ ಈಸಾ ಕನ್ಯೆಯಲ್ಲಿ ಜನಿಸಿದ ಗೌರವಾನ್ವಿತ ಪ್ರವಾದಿ, ಅವರನ್ನು ಆರಾಧಿಸುವುದು ಶಿರ್ಕ್, ಅಂದರೆ ದೇವರಿಗೆ ಸಹಭಾಗಿಯನ್ನು ಕಲ್ಪಿಸುವ ಪಾಪ. ‘ಎಲ್ಲವೂ ಒಂದೇ’ ಎಂದು ಈ ಅಂತರವನ್ನು ಮುಚ್ಚಿದರೆ ಇಬ್ಬರ ನಂಬಿಕೆಯನ್ನೂ ಹಗುರಮಾಡಿದಂತಾಗುತ್ತದೆ. ಮೂರು ಒಂದಾಗುವುದು ಹೇಗೆ ಎಂಬ ಲೆಕ್ಕವನ್ನು ಬಿಟ್ಟು, ಯೇಸು ನಿನಗೆ ಯಾರು ಎಂದು ಇಬ್ಬರನ್ನೂ ಕೇಳಿ ನೋಡಿ.